ಎಡಚ ವಾಲ್ವು

ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಬೀದಿಯ ಪಾಲಿಗೆ ಅವನು ನೀರಣ್ಣ. ಬೆಳಗಿನ ಐದೂವರೆಗೆ ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಅವನು ಬೀದಿಗಿಳಿದನೆಂದರೆ ಬಾಗಿಲುಗಳ ಹಿಂದೆ ಕೊಡ, ಬಕೆಟ್ಟುಗಳು ಎಚ್ಚರಗೊಳ್ಳುತ್ತಿದ್ದವು. ರಸ್ತೆ ನಡುವಿನ ಮುಚ್ಚಳ ಎತ್ತಿ, ಕೀಲಿಯನ್ನು ಒಳಗಿಳಿಸಿ, ನೆಲದಡಿಯ ವಾಲ್ವಿನ ತಲೆಗೆ ಕಚ್ಚಿಸಿ ಎಡಕ್ಕೆ ಹನ್ನೊಂದು ಸುತ್ತು ತಿರುಗಿಸುತ್ತಿದ್ದ. ಆಮೇಲೆ ಕೀಲಿಯ ಮೇಲ್ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ನೀರು ಹೊರಟ ಸದ್ದು ಕಬ್ಬಿಣದ ಗುಂಟ ಏರಿ ಬರುತ್ತಿತ್ತು. ಕೊಳವೆ ತುಂಬಿ ಹರಿದರೆ ಒಂದೇ ಸಮನೆ ಗುಂಯ್‌ಗುಡುವುದು, ಗಾಳಿ ಸೇರಿದ್ದರೆ ಕೆಮ್ಮುವುದು. ಎಲ್ಲಾದರೂ ಸೋರುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ ಕೇಳುವುದು. ಮೂವತ್ತಾರು ವರ್ಷ ಹೀಗೆ ಕಿವಿಗೊಟ್ಟು ಅವನ ಬಲಗಿವಿಯ ಮೇಲಂಚಿನಲ್ಲಿ ಒಂದು ಗಟ್ಟಿ ಗೆರೆ ಮೂಡಿತ್ತು. ಬೇರೆಯವರಿಗೆ ಕೈಯಲ್ಲಿ ದಡ್ಡು ಬಿದ್ದರೆ ನಿಮಗೆ ಕಿವಿಯಲ್ಲಿ ಬಿದ್ದಿದೆ, ಆದರೂ ನಾನು ಹೇಳಿದ್ದು ಮಾತ್ರ ಕೇಳಿಸೋದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ರೈಲು ಹಳಿಗೂ ಮುಚ್ಚಿಹೋದ ನೂಲಿನ ಕಾರ್ಖಾನೆಗೂ ನಡುವೆ ಸಿಕ್ಕಿಕೊಂಡ ಬೀದಿ ಅದು. ಬಹಳ ಕಾಲ ಅದರತ್ತ ಯಾರೂ ತಿರುಗಿ ನೋಡಿರಲಿಲ್ಲ. ಆಟೋದವರು ಬೀದಿಯ ಬಾಯಿಗೂ ಬರಲು ಒಪ್ಪುತ್ತಿರಲಿಲ್ಲ. ಅಂಚೆಯವನು ಮೊದಲ ಅಂಗಡಿಯಲ್ಲೇ ಎಲ್ಲರ ಕಾಗದ ಕೊಟ್ಟು ತಿರುಗಿ ಹೋಗುತ್ತಿದ್ದ. ಎರಡು ವರ್ಷದಿಂದ ಗಾಳಿ ಬದಲಾಗಿತ್ತು. ಕಾರ್ಖಾನೆಯ ಉಗ್ರಾಣಕ್ಕೆ ಗಾಜು ಕೂರಿಸಿ ಕಾಫಿ ಅಂಗಡಿ ಮಾಡಿದರು. ಗೋಡೆಯ ಇಟ್ಟಿಗೆಗೆ ಗಾರೆ ಬಳಿಯದೆ ಹಾಗೇ ಬಿಟ್ಟರು, ಅದೇ ಚಂದವಂತೆ. ಜೀವಮಾನವಿಡೀ ತನ್ನ ಮನೆಯ ಇಟ್ಟಿಗೆ ಕಾಣದಂತೆ ಗಾರೆ ಬಳಿಯಲು ಒದ್ದಾಡಿದ್ದ ಮೂಲೆಮನೆಯ ಮುದುಕ ಅದನ್ನು ದಿನಾ ಹೋಗಿ ನೋಡಿ ಬರುತ್ತಿದ್ದ. ಹಳೆಯ ಬಾಡಿಗೆದಾರರು ಒಬ್ಬೊಬ್ಬರಾಗಿ ಸಾಮಾನು ಕಟ್ಟಿದರು. ಬಂದ ಹೊಸಬರು ಒಳ್ಳೆಯವರೇ, ಆದರೆ ಐದೂವರೆಗೆ ಏಳುವವರಲ್ಲ. ಅವರ ಸಲುವಾಗಿ ಹಗಲೂ ಇರುಳೂ ನಿಲ್ಲದೆ ಬರುವ ನೀರು, ಹೊಸ ಕೊಳವೆ, ತಾನಾಗಿ ತೆರೆದು ಮುಚ್ಚುವ ವಾಲ್ವು ಎಲ್ಲವೂ ಬರುವುದಿತ್ತು. ನೀರಣ್ಣನ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿದ್ದವು.

ಅಷ್ಟರಲ್ಲಿ ಕಚೇರಿಯಿಂದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕಳಿಸಿದರು. ಕಾಲಿಗೆ ದಪ್ಪ ಬೂಟು, ಕೈಯಲ್ಲಿ ಪಾಟಿಯಂಥ ಫೋನು. ಹಳೆಯ ನಕ್ಷೆಯಲ್ಲಿ ಇರುವ ವಾಲ್ವು ನೆಲದಲ್ಲಿಲ್ಲ, ನೆಲದಲ್ಲಿ ಇರುವುದು ನಕ್ಷೆಯಲ್ಲಿಲ್ಲ, ಎಲ್ಲ ನಿಮ್ಮ ತಲೆಯೊಳಗೇ ಇದೆಯಂತೆ, ತೋರಿಸಿ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಕಚೇರಿಯವರು ಹಾಗೆ ಕೇಳಿದ್ದು ಅದೇ ಮೊದಲು. ನೀರಣ್ಣ ಉಬ್ಬಿಹೋದ. ಮೂರು ದಿನ ಅವಳನ್ನು ಕರೆದುಕೊಂಡು ಬೀದಿ ಸುತ್ತಿದ. ಇದು ಬೇಸಿಗೆಯಲ್ಲಿ ಬಿಗಿಯುತ್ತದೆ, ಇದಕ್ಕೆ ಹತ್ತೇ ಸುತ್ತು, ಇದರ ಮೇಲೆ ಯಾವಾಗಲೂ ಯಾರಾದರೂ ಗಾಡಿ ನಿಲ್ಲಿಸಿರುತ್ತಾರೆ ಎಂದು ಮಕ್ಕಳ ಗುಣ ಹೇಳುವ ಹಾಗೆ ಒಂದೊಂದರ ಗುಣ ಹೇಳಿದ. ಅವಳು ಪ್ರತಿಯೊಂದಕ್ಕೂ ನೀಲಿ ಚುಕ್ಕೆ ಇಟ್ಟಳು. ಮೂರನೆಯ ಸಂಜೆಗೆ ಮೂವತ್ತನಾಲ್ಕು ಚುಕ್ಕೆಗಳಾದವು.

“ಇಷ್ಟೇನಾ?” ಎಂದಳು.

“ಇಷ್ಟೇ ಮೇಡಂ,” ಎಂದ ನೀರಣ್ಣ. ಎಂದವನು ಕಾರ್ಖಾನೆ ಗೋಡೆಯ ಕಡೆ ನೋಡದಿರಲು ತುಂಬ ಕಷ್ಟಪಟ್ಟ.

ಮೂವತ್ತೈದನೆಯದು ಆ ಗೋಡೆಯ ಆಚೆಗಿತ್ತು, ಒಂದು ಒಗೆಯುವ ಕಲ್ಲಿನ ಅಡಿಯಲ್ಲಿ.

ಗೋಡೆಯಾಚೆ ಹನ್ನೊಂದು ಮನೆಗಳ ಸಾಲು. ಹಿಂದಿನ ಸಾಲು ಎಂದೇ ಅದಕ್ಕೆ ಹೆಸರು. ಕಾರ್ಖಾನೆ ತನ್ನ ಕೂಲಿಗಳಿಗೆಂದು ಕಟ್ಟಿದ್ದು. ಕಾರ್ಖಾನೆ ಮುಚ್ಚಿದ ದಿನ ಅದರ ನೀರೂ ನಿಂತಿತು. ಅರ್ಜಿ ಹಿಡಿದು ಹೋದರೆ, ಅಲ್ಲಿ ಮನೆಗಳಿವೆ ಎನ್ನುವುದಕ್ಕೇ ದಾಖಲೆ ಇಲ್ಲ, ಇಲ್ಲದ ಮನೆಗೆ ನೀರು ಕೊಡುವುದು ಹೇಗೆ ಎಂದು ಕಚೇರಿ ಕೈ ಝಾಡಿಸಿತು. ಹಿಂದಿನ ಸಾಲಿನ ಹೆಂಗಸರು ಗೋಡೆ ಬಳಸಿ ಬಂದು ಬೀದಿಯ ನಲ್ಲಿಯಲ್ಲಿ ಕೊನೆಯವರಾಗಿ ನಿಲ್ಲತೊಡಗಿದರು. ಒಂದು ಬೆಳಿಗ್ಗೆ ಅವರಲ್ಲಿ ಒಬ್ಬಳು, ಎರಡು ಖಾಲಿ ಕೊಡ ನೆಲಕ್ಕೆ ಕುಕ್ಕಿ, ವಾಲ್ವು ಮುಚ್ಚಲು ಬಂದ ಇಪ್ಪತ್ತೈದರ ನೀರಣ್ಣನನ್ನು, ನಿನ್ನ ಗಡಿಯಾರ ಯಾವ ಊರಿನದು, ನಮ್ಮ ಸರದಿ ಬರುವಾಗಲೇ ಅದಕ್ಕೆ ಏಳು ಗಂಟೆಯಾಗುತ್ತಲ್ಲ ಎಂದು ಎಲ್ಲರೆದುರು ಜಾಡಿಸಿದಳು. ನೀರಣ್ಣ ಇನ್ನೂ ಕಾಲು ಗಂಟೆ ನೀರು ಬಿಟ್ಟ. ಮರುದಿನವೂ ಬಿಟ್ಟ. ಮುಂದಿನ ಭಾನುವಾರ ಕಾರ್ಖಾನೆಯ ಹಳೆಯ ಫಿಟ್ಟರ್ ಒಬ್ಬನನ್ನು ಜೊತೆ ಮಾಡಿಕೊಂಡು ಗೋಡೆಯ ಬುಡ ಅಗೆದ. ದೊಡ್ಡ ಕೊಳವೆಯಿಂದ ಹಿಂದಿನ ಸಾಲಿನ ಒಣ ಕೊಳವೆಗೆ ಒಂದು ಕವಲು ಸೇರಿಸಿ, ಕಾರ್ಖಾನೆಯ ಗುಜರಿಯಲ್ಲಿ ಬಿದ್ದಿದ್ದ ವಾಲ್ವನ್ನೇ ಅದಕ್ಕೆ ಕೂರಿಸಿದ. ಕೂರಿಸಿದ ಮೇಲೆ ಗೊತ್ತಾಯಿತು, ಅದು ಎಲ್ಲ ವಾಲ್ವಿನಂತಲ್ಲ. ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಯಾವ ಯಂತ್ರಕ್ಕೆಂದು ಹಾಗೆ ಮಾಡಿದ್ದರೋ. ನೀರಣ್ಣ ಅದಕ್ಕೆ ಎಡಚ ಎಂದು ಹೆಸರಿಟ್ಟ. ಕಚೇರಿಗೆ ಅನುಮಾನ ಬರಬಾರದೆಂದು ಎಂದೂ ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ವರ್ಷ ತುಂಬುವುದರೊಳಗೆ ಕೊಡ ಕುಕ್ಕಿದವಳು ಅವನ ಮನೆ ತುಂಬಿದಳು. ನೀರು ಕೊಟ್ಟು ಹೆಣ್ಣು ತಂದ ಎಂದು ಬೀದಿ ನಕ್ಕಿತೇ ಹೊರತು, ಯಾರೊಬ್ಬರೂ ಕಚೇರಿಯ ಕಿವಿಗೆ ಹಾಕಲಿಲ್ಲ.

ಚುಕ್ಕೆ ಇಟ್ಟು ಮುಗಿದ ಆ ಮೂರನೆಯ ಸಂಜೆ ಚಹಾದ ಲೋಟ ಮುಂದಿಟ್ಟುಕೊಂಡು ಅವನು ನಡೆದದ್ದನ್ನು ಹೆಂಡತಿಗೆ ಹೇಳಿದ. ತೋರಿಸಿದರೆ ಕಳ್ಳ ಕೊಳವೆ ಎಂದು ಅಂದೇ ಕಡಿದು ಹಾಕುತ್ತಾರೆ. ತೋರಿಸದಿದ್ದರೆ ಹಳೆಯ ಕೊಳವೆಗೆ ನೀರು ನಿಂತ ದಿನ ಹಿಂದಿನ ಸಾಲಿಗೂ ನಿಲ್ಲುತ್ತದೆ. ಆದರೂ ಹೊಸ ಕೊಳವೆ ಬಂದ ಮೇಲೆ ಯಾವುದಾದರೂ ಭಾನುವಾರ ನೋಡಿಕೊಂಡು, ಮತ್ತೆ...

ಹೆಂಡತಿ ಅವನ ಮಾತು ಮುಗಿಯಲು ಬಿಡಲಿಲ್ಲ. “ಮತ್ತೆ ಅಗೀತೀರಾ? ಮೊನ್ನೆ ಮಂಚದ ಕೆಳಗಿಂದ ಚಪ್ಪಲಿ ತೆಗೆಯೋಕೆ ನನ್ನ ಕರೆದಿದ್ರಿ.”

ನೀರಣ್ಣ ನಕ್ಕ. ಅವಳು ನಗಲಿಲ್ಲ.

“ನೀವು ಬಚ್ಚಿಟ್ಟಿದ್ದಕ್ಕೇ ನಾವು ಬದುಕಿದ್ವಿ ಕಣ್ರೀ, ಅದನ್ನ ಮರೆಯಲ್ಲ. ಆದ್ರೆ ಈಗ ಎಲ್ಲಾ ಬರ್ಕೊಳ್ತಿದ್ದಾರೆ. ಈಗ್ಲೂ ನಾವು ಬರಹದಲ್ಲಿ ಇಲ್ಲ ಅಂದ್ರೆ ನಾಳೆ ಆ ಜಾಗ ಖಾಲಿ ಅಂತ ತಾನೆ ಅರ್ಥ? ನನ್ನ ತಂಗಿ ಎಲ್ಲಿಗೆ ಹೋಗ್ತಾಳೆ?”

ಅವಳ ತಂಗಿ ತವರಿನ ಅದೇ ಮನೆಯಲ್ಲಿದ್ದುಕೊಂಡು ವಸತಿಗೃಹಗಳ ಹಾಸುಬಟ್ಟೆ ಒಗೆದು ಕೊಡುತ್ತಿದ್ದಳು. ಹೇಳಿದರೆ ತನ್ನ ಕೆಲಸವೂ ಹೋದೀತು ಎಂಬ ಮಾತು ನೀರಣ್ಣನ ನಾಲಿಗೆಯ ತುದಿಗೆ ಬಂತು. ಚಹಾದ ಜೊತೆ ನುಂಗಿಕೊಂಡ.

ಎರಡು ದಿನ ಬಿಟ್ಟು ಪರೀಕ್ಷೆ ಇತ್ತು. ಹಳೆಯ ವಾಲ್ವುಗಳನ್ನೆಲ್ಲ ಹತ್ತು ಗಂಟೆಗೆ ಮುಚ್ಚಬೇಕು. ಬೀದಿಯ ಬಾಯಲ್ಲಿ ಕೂರಿಸಿದ ಮೀಟರಿನ ಮುಳ್ಳು ಆಗ ನಿಲ್ಲಬೇಕು. ನಿಂತರೆ ಲೆಕ್ಕ ಸರಿಯಾಗಿದೆ, ಮಾರನೆಯ ದಿನವೇ ಹೊಸ ಕೊಳವೆಗೆ ನೀರು. ನೀರಣ್ಣ ಬೆಳಕು ಹರಿಯುವ ಮೊದಲೇ ಹೋಗಿ ಎಡಚನನ್ನು ಅರ್ಧ ತೆರೆದು ಬಂದ. ಕೊನೆಯ ನೀರಾದರೂ ತುಂಬಿಕೊಳ್ಳಲಿ, ಹತ್ತಕ್ಕೆ ಬಂದು ಮುಚ್ಚಿದರಾಯಿತು ಎಂದುಕೊಂಡ. ಏಳರಿಂದ ಅವನಿಗೆ ಇನ್ನೊಂದು ಕೆಲಸ ಅಂಟಿತು. ಗುತ್ತಿಗೆಯ ಇಬ್ಬರು ಕೆಲಸಗಾರರಿಗೆ ವಾಲ್ವು ಮುಚ್ಚುವುದನ್ನು ಕಲಿಸಬೇಕಿತ್ತು. ಒಬ್ಬ ಅವಸರದವನು, ಇನ್ನೊಬ್ಬನಿಗೆ ನಿದ್ದೆ. ಬಲಕ್ಕೆ, ಬಲಕ್ಕೆ ತಿರುಗಿಸಪ್ಪಾ, ಊಟದ ಕೈ ಯಾವುದು, ಆ ಕಡೆಗೆ ಎಂದು ಮೂರು ಗಂಟೆ ಹೊತ್ತು ಕೂಗಿ ಕೂಗಿ ಅವನ ಗಂಟಲು ಒಣಗಿತು. ಹತ್ತಕ್ಕೆ ಐದು ನಿಮಿಷವಿರುವಾಗ, ಬೀಡಿ ಸೇದಿ ಬರುತ್ತೇನೆಂದು ತಪ್ಪಿಸಿಕೊಂಡು ಗೋಡೆಯಾಚೆ ಓಡಿದ. ಕಲ್ಲು ಸರಿಸಿದ. ಕೀಲಿ ಇಳಿಸಿದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಅತ್ತಿತ್ತ ಹೋಗುತ್ತಿದ್ದಾಗ ಕೈ ತನ್ನ ಪಾಡಿಗೆ ತಿರುಗಿಸಿತು. ಆರು ಸುತ್ತಿಗೆ ವಾಲ್ವು ಗಟ್ಟಿಯಾಗಿ ನಿಂತಿತು. ಕಲ್ಲು ಮುಚ್ಚಿ ಓಡಿ ಬಂದ.

ಮೀಟರಿನ ಮುಳ್ಳು ನಿಲ್ಲಲಿಲ್ಲ.

ಇಂಜಿನಿಯರ್ ಹುಡುಗಿ ಮೂವತ್ತನಾಲ್ಕನ್ನೂ ಮತ್ತೊಮ್ಮೆ ಬಿಗಿ ಮಾಡಿಸಿದಳು. ಮುಳ್ಳು ತಿರುಗುತ್ತಲೇ ಇತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಫೋನಿನ ಆ ತುದಿಯಲ್ಲಿ ಅವಳ ಮೇಲಿನವರು ಗದರುವುದು ಈ ತುದಿಯಲ್ಲಿ ನಿಂತವರಿಗೂ ಕೇಳುತ್ತಿತ್ತು. ನೆಲದೊಳಗೆ ಎಲ್ಲೋ ಕೊಳವೆ ಒಡೆದಿದೆ, ರಸ್ತೆ ಅಗೆಯುವುದೇ ದಾರಿ ಎಂದು ತೀರ್ಮಾನವಾಗಿ ಅಗೆಯುವ ಯಂತ್ರ ಬಂತು. ಮೂಲೆಮನೆಯ ಮುದುಕನ ಜಗಲಿಯಿಂದ ಶುರು ಮಾಡುವುದು ಎಂದಾಯಿತು. ಮುದುಕ ಹೊರಬಂದು ತನ್ನ ಎರಡು ಹೂಕುಂಡಗಳನ್ನು ಒಂದೊಂದಾಗಿ ಎತ್ತಿ ಒಳಗಿಡತೊಡಗಿದ.

ನೀರಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಸುಮ್ಮನೆ ನಿಲ್ಲಲೂ ಆಗದೆ ಹತ್ತಿರದ ಮುಚ್ಚಳ ಎತ್ತಿ ಕೀಲಿ ಇಳಿಸಿ ಕಿವಿಯಿಟ್ಟ. ಪಿಸುಮಾತಿಲ್ಲ. ದೂರದಲ್ಲಿ ನೀರು ತುಂಬು ದನಿಯಲ್ಲಿ, ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತಿತ್ತು. ಅವನು ಕೀಲಿಯಿಂದ ಕಿವಿ ತೆಗೆದ. ತನ್ನ ಬಲಗೈಯನ್ನು ನೋಡಿಕೊಂಡ. ಬಲಕ್ಕೆ ತಿರುಗಿಸಿದ್ದ. ಅರ್ಧದಿಂದ ಯಾವ ಕಡೆಗೆ ತಿರುಗಿಸಿದರೂ ಆರೇ ಸುತ್ತು. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ತಪ್ಪದ ಕೈ ಇವತ್ತು ಎಡಚನನ್ನು ಪೂರ್ತಿ ತೆರೆದಿಟ್ಟು ಬಂದಿತ್ತು.

ಈಗಲೂ ಓಡಿಹೋಗಿ ಎಡಕ್ಕೆ ತಿರುಗಿಸಿದರೆ ಮುಳ್ಳು ನಿಲ್ಲುತ್ತದೆ. ಯಂತ್ರ ವಾಪಸು ಹೋಗುತ್ತದೆ, ಮುದುಕನ ಜಗಲಿ ಉಳಿಯುತ್ತದೆ, ತನ್ನ ನಾಲ್ಕು ತಿಂಗಳೂ ಉಳಿಯುತ್ತವೆ. ನಾಳೆಯಿಂದ ಹಿಂದಿನ ಸಾಲಿಗೆ ನೀರಿಲ್ಲ, ಅಷ್ಟೇ. ಅವನು ನಾಲ್ಕು ಹೆಜ್ಜೆ ಗೋಡೆಯ ಕಡೆಗೆ ಹೋದದ್ದೂ ನಿಜ. ಆಮೇಲೆ ತಿರುಗಿ ಬಂದು ಇಂಜಿನಿಯರ್ ಹುಡುಗಿಯ ಎದುರು ನಿಂತ.

“ಯಂತ್ರ ನಿಲ್ಸಿ ಮೇಡಂ. ನನ್ನ ಜೊತೆ ಬನ್ನಿ.”

ಗೋಡೆ ಬಳಸುತ್ತಿದ್ದಂತೆ ಅವಳ ಹೆಜ್ಜೆ ತಡೆಯಿತು. ಹಿಂದಿನ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿ ಬಿಳಿ ಹಾಸುಬಟ್ಟೆಗಳನ್ನು ಒಣಹಾಕಿದ್ದರು. ಕೊಡ, ಡ್ರಮ್ಮು, ಪಾತ್ರೆ, ಕೊನೆಗೆ ಲೋಟಗಳೂ ತುಂಬಿ ಹೊಸ್ತಿಲಿನ ಮೇಲೆ ಕೂತಿದ್ದವು. ಒಬ್ಬ ಅಜ್ಜಿ ಬಕೆಟ್ಟು ಮುಂದಿಟ್ಟುಕೊಂಡು ಬಿಸಿಲಿನಲ್ಲಿ ಸಾವಕಾಶವಾಗಿ ತಲೆ ತೊಳೆದುಕೊಳ್ಳುತ್ತಿದ್ದಳು. ನೀರಣ್ಣನ ನಾದಿನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಖವೆಲ್ಲ ಅರಳಿಸಿ ಎದುರು ಬಂದಳು.

“ಏನ್ ಭಾವ, ಇವತ್ತು ಅಕ್ಕ ಏನಾದ್ರೂ ಹೊಗಳಿದ್ಲಾ? ಬೆಳಿಗ್ಗೆಯಿಂದ ನೀರು ನಿಲ್ಲಿಸೇ ಇಲ್ಲ. ವಾರದ ಬಟ್ಟೆ ಒಂದೇ ದಿನಕ್ಕೆ ಮುಗೀತು.” ಹಿಂದೆ ನಿಂತವಳನ್ನು ಆಮೇಲೆ ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು.

ನೀರಣ್ಣ ಕಲ್ಲು ಸರಿಸಿ ಕೀಲಿ ಇಳಿಸಿದ. ತಾನು ಕಿವಿಯಿಡದೆ ಇಂಜಿನಿಯರ್ ಹುಡುಗಿಗೆ ಜಾಗ ಬಿಟ್ಟ. ಅವಳು ಮಂಡಿಯೂರಿ ಕೂತು ಕಬ್ಬಿಣಕ್ಕೆ ಕಿವಿ ಹಚ್ಚಿದಳು. ತುಸು ಹೊತ್ತಿನ ಮೇಲೆ, ನೀರು ಹನ್ನೊಂದು ಕಡೆ ಒಡೆದುಕೊಂಡು ಹೋಗುವುದು ಕೇಳಿಸುತ್ತದೆಯಾ ಎಂದು ಅವನು ಮೆಲ್ಲಗೆ ಕೇಳಿದ. ಅಷ್ಟೆಲ್ಲ ಗೊತ್ತಾಗುವುದಿಲ್ಲ, ಆದರೆ ಹರಿಯುತ್ತಿರುವುದು ಕೇಳಿಸುತ್ತಿದೆ ಎಂದಳು. ಅವನು ಎಲ್ಲವನ್ನೂ ಹೇಳಿದ. ಅರ್ಜಿ, ಭಾನುವಾರ, ಗುಜರಿ, ಎಡಚನ ಗುಣ, ಇವತ್ತಿನ ತನ್ನ ಕೈ, ಯಾವುದನ್ನೂ ಬಿಡಲಿಲ್ಲ. ಕೊಡ ಕುಕ್ಕಿದವಳ ವಿಷಯ ಬಂದಾಗ ಮಾತ್ರ ತುಸು ನಾಚಿ ತಲೆ ತಗ್ಗಿಸಿದ.

ಅವಳು ಫೋನು ತೆರೆದು ನೀಲಿ ಚುಕ್ಕೆಗಳ ನಕ್ಷೆಯನ್ನು ನೋಡುತ್ತ ಕೂತಳು. ಗೋಡೆಯಿಂದಾಚೆಗೆ ಅದರಲ್ಲಿ ಬರೀ ಬಿಳಿ ಇತ್ತು.

“ಚುಕ್ಕೆ ಇಡ್ತೀನಿ ನೀರಣ್ಣ. ಮನೆಗಳನ್ನೂ ಒಂದೊಂದಾಗಿ ಗುರುತು ಮಾಡ್ತೀನಿ. ಆದ್ರೆ ಹಾಕಿದವರು ಯಾರು ಅಂತ ಇಲ್ಲೊಂದು ಸಾಲಿದೆ. ಖಾಲಿ ಬಿಟ್ರೆ ಅಕ್ರಮ ಅಂತ ತೆಗೆದು ಬಿಸಾಕ್ತಾರೆ. ಇಲಾಖೆಯವರ ಹೆಸರಿದ್ರೆ, ಇಷ್ಟು ವರ್ಷ ಇಲಾಖೆಯೇ ಇವರಿಗೆ ನೀರು ಕೊಟ್ಟಿದೆ ಅಂತ ಆಗತ್ತೆ. ಆಮೇಲೆ ಅಷ್ಟು ಸುಲಭಕ್ಕೆ ತೆಗೆಯೋಕಾಗಲ್ಲ.” ಆಮೇಲೆ ಫೋನಿನಿಂದ ತಲೆಯೆತ್ತಿ, “ನಿಮ್ಮ ಮೇಲೆ ಕ್ರಮ ಆಗ್ಬಹುದು,” ಎಂದಳು.

“ಬರ್ಕೊಳ್ಳಿ,” ಎಂದ ನೀರಣ್ಣ. ನೀರಣ್ಣ ಎಂದೇ ಬರೆಯಲು ಹೊರಟವಳನ್ನು ತಡೆದು ತನ್ನ ಹಾಜರಿ ಪುಸ್ತಕದ ಹೆಸರನ್ನು, ತಂದೆಯ ಹೆಸರು ಸಮೇತ, ನಿಧಾನವಾಗಿ ಹೇಳಿದ. ಸಾಲಿನ ಹೆಂಗಸರು ಅದನ್ನು ಮೊದಲ ಸಲ ಕೇಳಿದರು. ನಾದಿನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. “ಇದು ನೀವಾ ಭಾವ? ಯಾರೋ ದೊಡ್ಡ ಮನುಷ್ಯರ ಹೆಸರಿದ್ದ ಹಾಗಿದೆ,” ಎಂದಳು.

ಹತ್ತನೆಯ ದಿನ ಕಚೇರಿಯ ಕಾಗದ ಬಂತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರುವುದು ಬೇಡ ಎಂದು ಅದರಲ್ಲಿತ್ತು. ಮನೆಯಲ್ಲಿ ಮೊದಲ ಬೆಳಗುಗಳು ಅವನಿಗೆ ತುಂಬ ಉದ್ದವಾದವು. ಐದೂವರೆಗೆ ಎದ್ದು ಕೂತು ಗೋಡೆ ನೋಡುತ್ತಿದ್ದ. ಮಲಗಿ, ಇನ್ನು ಗಡಿಯಾರ ನನ್ನದು ಎಂದು ಹೆಂಡತಿ ಅವನ ತೋಳು ಹಿಡಿದು ಎಳೆಯುತ್ತಿದ್ದಳು.

ಎರಡು ತಿಂಗಳ ಮೇಲೆ ಹಿಂದಿನ ಸಾಲಿಗೆ ಹೊಸ ಕೊಳವೆ ಬಂತು. ಪ್ರತಿ ಬಾಗಿಲಿಗೆ ಒಂದು ನಲ್ಲಿ, ನಲ್ಲಿಯ ಪಕ್ಕ ತಗಡಿನ ಪುಟ್ಟ ಸಂಖ್ಯೆ. ಅದರಿಂದ ಎಲ್ಲ ಬಗೆಹರಿಯಿತು ಎಂದೇನೂ ಅಲ್ಲ. ಗಾಜಿನ ಅಂಗಡಿಗಳು ಗೋಡೆಯವರೆಗೆ ಬಂದಿದ್ದವು, ಒಂದು ದಿನ ಗೋಡೆಯನ್ನೂ ದಾಟಬಹುದು. ಆದರೆ ಖಾಲಿ ಜಾಗ ಎಂದುಕೊಂಡು ಇನ್ನು ಯಾರೂ ಒಳಗೆ ಬರುವಂತಿರಲಿಲ್ಲ. ಬಂದವರು ಮೊದಲು ಹನ್ನೊಂದು ಬಾಗಿಲು ತಟ್ಟಿ ಮಾತಾಡಬೇಕು.

ನೀರು ಬರುವ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ನಾದಿನಿ ನಲ್ಲಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು, ಆಮೇಲೆ ತುಕ್ಕು ಬಣ್ಣದ ನೀರು. ಅವಳು ಅದಕ್ಕೇ ಕೊಡ ಒಡ್ಡಲು ಹೋದಳು.

“ತಡಿಯಮ್ಮಾ, ಸ್ವಲ್ಪ ಹರಿಯಲಿ,” ಎಂದ ನೀರಣ್ಣ. “ಇನ್ನು ಯಾರೂ ನಿಲ್ಲಿಸಲ್ಲ.”

ಎಲ್ಲರೂ ನಲ್ಲಿಯ ಸುತ್ತ ನಿಂತು ನೀರು ತಿಳಿಯಾಗುವುದನ್ನೇ ನೋಡಿದರು.