ಗಂಧ ಹಚ್ಚಿದ ಡಬ್ಬಿ

ಶ್ರೀರಕ್ಷಾಳಿಗೆ ಅಚ್ಚುಕಟ್ಟಿನ ಹುಚ್ಚು. ವಿಶಾಖಪಟ್ಟಣದ ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಅವಳ ಅಡುಗೆಮನೆಯ ಡಬ್ಬಗಳು ಕೂಡ ಎತ್ತರದ ಪ್ರಕಾರ ನಿಂತಿರುತ್ತಿದ್ದವು. ಗಂಡ ಪೃಥ್ವೀರಾಜನ ಕಪ್ಪು ಟ್ರಂಕು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ವರ್ಗವಾದಾಗಲೆಲ್ಲ ಅವನು ಹೊಸ ಊರಿನ ಹೆಸರನ್ನು ಹಳೆಯದರ ಕೆಳಗೆ ಬರೆಯುತ್ತಿದ್ದನೇ ಹೊರತು ಹಳೆಯದನ್ನು ಅಳಿಸುತ್ತಿರಲಿಲ್ಲ. "ಎಲ್ಲೆಲ್ಲಿ ಸುತ್ತಿ ಬಂತು ಅಂತ ಗೊತ್ತಾಗ್ಬೇಕಲ್ವಾ," ಅನ್ನುತ್ತಿದ್ದ.

ನಿಜ ಹೇಳಬೇಕೆಂದರೆ ಅವಳ ಕೆಲಸದ ನಿಯಮವೂ ಅದೇ. ಕೋಲ್ಡ್ ಸ್ಟೋರೇಜುಗಳಲ್ಲಿ ಅಮೋನಿಯಾ ಸೋರಿದರೆ ಕೂಗುವ ಯಂತ್ರಕ್ಕೆ ಅವಳು ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಕೋಡು, ಬರೆದು, ಯಾರು ಬೇಕಾದರೂ ಬಳಸಲಿ ಎಂದು ಓಪನ್ ಸೋರ್ಸ್ ಮಾಡಿದ್ದಳು. ಗ್ಯಾಸಿನ ಅಂಕಿ ಇಪ್ಪತ್ತೈದು ದಾಟಿದರೆ ಅದು ಕೂಗಬೇಕು. ಮುನ್ನೂರಾದರೆ ಮನುಷ್ಯ ಅಲ್ಲಿ ನಿಲ್ಲಬಾರದು.

ಕೋಣೆಯೊಳಗಿನ ಸೆನ್ಸಾರ್ ಡಬ್ಬಿ ಆಫೀಸಿನ ಪ್ಯಾನೆಲ್ಲಿಗೆ ಬರೀ ಅಂಕಿಗಳನ್ನು ಕಳಿಸುತ್ತದೆ. ಅದರಲ್ಲಿ ಗ್ಯಾಸು ಯಾವುದು, ಟೆಂಪರೇಚರ್ ಯಾವುದು ಎಂದು ಹೇಳುವುದು ಕೋಡಿನಲ್ಲಿರುವ ಸ್ಟ್ರಕ್ಚರ್, ಅಂದರೆ ಅಂಕಿಗಳು ಕೂರುವ ಸಾಲು. ಸಾಲು ಬದಲಾದರೆ ಹೊಸ ವರ್ಷನ್ ನಂಬರು, ಹೊಸ ಫೈಲು. ಹಳೆಯ ಡಬ್ಬಿ ಹಳೆಯ ಸಾಲಿನಲ್ಲೇ ಕಳಿಸುತ್ತದೆ, ಆದ್ದರಿಂದ ಹಳೆಯದನ್ನು ಮುಟ್ಟುವಂತಿಲ್ಲ.

ಕಳೆದ ತಿಂಗಳು ಮತ್ತೆ ವರ್ಗದ ಆರ್ಡರ್ ಬಂತು. ಸಾಮಾನು ಕಟ್ಟುವ ಭರದಲ್ಲಿ ಅವಳು ಟ್ರಂಕಿಗೆ ಪೂರ್ತಿ ಬಣ್ಣ ಬಳಿಸಿಬಿಟ್ಟಳು. ಅದೇ ಹುರುಪಿನಲ್ಲಿ ಕೋಡನ್ನೂ ಗುಡಿಸಿದಳು. ಒಂದನೆಯ ವರ್ಷನ್ನಿನ ಫೈಲು ಕಿತ್ತು, ಅಂಥ ಡಬ್ಬಿ ಎದುರಾದರೂ ಈಗಿನ ಮೂರನೆಯದರಂತೆಯೇ ಓದು ಎಂದು ಬರೆದಳು. ಎರಡರಲ್ಲೂ ಇರುವುದು ಅವೇ ಅಂಕಿಗಳು, ಅಷ್ಟು ಹಳೆಯ ಡಬ್ಬಿ ಈಗ ಯಾರ ಹತ್ತಿರವಿದೆ ಎಂದುಕೊಂಡಳು. ಅತಿ ಜಾಣರು ಎಡವುವುದು ಹೀಗೆಯೇ.

ತಮ್ಮ ಉದಯ್ ವಿಜಯವಾಡದ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಕೋವಿಡ್ ಬಂದುಹೋದಾಗಿನಿಂದ ಅವನಿಗೆ ವಾಸನೆ ತಿಳಿಯುವುದಿಲ್ಲ. ಅಕ್ಕನ ಯಂತ್ರವೇ ಅವನ ಮೂಗು. ಇವತ್ತು ಮಧ್ಯಾಹ್ನ ಅವನ ಫೋನು ಬಂತು.

"ಅಕ್ಕ, ನಿನ್ನ ಹೊಸ ಫರ್ಮ್‌ವೇರ್ ಪ್ಯಾನೆಲ್‌ಗೆ ಹಾಕ್ದೆ. ಆದ್ರೆ ಹಿಂದಿನ ಕೋಣೇಲಿ ಟೆಂಪರೇಚರ್ ಮೂವತ್ತೆಂಟು ತೋರಿಸ್ತಿದೆ. ಬಾಗಿಲು ಮುಟ್ಟಿದ್ರೆ ಐಸು."

"ಗ್ಯಾಸು?"

"ನಾಲ್ಕು. ಅಲ್ಲಾಡಿಲ್ಲ. ಟೆಂಪರೇಚರ್ ಸೆನ್ಸಾರೇ ಕೆಟ್ಟಿರ್ಬೇಕು ಅಂತ ಬೆಂಜ್ ಸರ್ಕಲ್‌ಗೆ ಹೋಗಿ ಹೊಸದು ತಂದೆ. ಈಗ ಒಳಗೆ ಹೋಗಿ ಹಾಕ್ತೀನಿ."

"ನಿನ್ನ ಗಂಟಲಿಗೇನಾಯ್ತೋ?"

"ಬೆಳಗ್ಗಿಂದ ಕೆರೆತ ಕಣೆ."

"ಕೆಟ್ಟಿದ್ರೆ ಡಬ್ಬಿನೇ ಬಿಸಾಕಿ ಬೇರೆ ಹಾಕು."

"ಅದನ್ನ ಹೇಗಕ್ಕ ಬಿಸಾಕ್ಲಿ? ನೀನೇ ಕೈಯಾರೆ ಮಾಡಿ, ಸಿಂಹಾಚಲದ ದೇವರ ಗಂಧ ಹಚ್ಚಿ ಕೊಟ್ಟಿದ್ದಲ್ವಾ. ನೀನು ಮಾಡಿದ ಮೊಟ್ಟಮೊದಲ್ನೇ ಡಬ್ಬಿ ಅದು." ನಕ್ಕು ಫೋನಿಟ್ಟ.

ಶ್ರೀರಕ್ಷಾ ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತ ಕೂತಳು. ಅರ್ಧ ಅಂಟಿಸಿದವಳು ನಿಲ್ಲಿಸಿದಳು. ಮೊಟ್ಟಮೊದಲನೆಯದು ಎಂದರೆ ಒಂದನೆಯ ವರ್ಷನ್. ಅದರ ಸಾಲಿನಲ್ಲಿ ಗ್ಯಾಸು ಮೊದಲು, ಟೆಂಪರೇಚರ್ ಆಮೇಲೆ. ಮೂರನೆಯದರಲ್ಲಿ ಅದು ತಿರುವುಮುರುವು. ಹಾಗಾದರೆ ಆ ನಾಲ್ಕು ಕೋಣೆಯ ತಂಪು. ಮೂವತ್ತೆಂಟು ಗ್ಯಾಸು. ಅವಳು ಟೇಪು ಬಿಟ್ಟು ಫೋನು ಎತ್ತಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿ ಬಂದಿತ್ತು.

ಉದಯ್ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಎತ್ತಿದವನು ವಾಚ್‌ಮನ್ ಕಾಮೇಶ್ವರ. ಅವನದು ತೆಲುಗು, ಅವಳೂ ತೆಲುಗಿಗೆ ತಿರುಗಿದಳು.

"ಉದಯ್ ಸಾರ್ ಒಳಗೆ ಹೋದ್ರಮ್ಮಾ. ಅಲ್ಲಿ ಸಿಗ್ನಲ್ ಸಿಗಲ್ಲ ಅಂತ ಫೋನು ಮೇಜಿನ ಮೇಲೆ ಬಿಟ್ಟಿದಾರೆ."

"ಮಾಸ್ಕ್ ಹಾಕ್ಕೊಂಡು ಹೋಗಿ ಅವನನ್ನ ಹೊರಗೆ ಎಳೀರಿ. ಗ್ಯಾಸು ಸೋರ್ತಿದೆ."

"ಇಲ್ಲಮ್ಮಾ, ಪ್ಯಾನೆಲ್ ಎದುರಿಗೇ ಇದೀನಿ. ಗ್ಯಾಸು ನಾಲ್ಕೇ. ಹಸಿರು ದೀಪ ಉರೀತಿದೆ."

"ಟೆಂಪರೇಚರ್ ಎಷ್ಟಿದೆ ಹೇಳಿ."

ಅವನು ಸಣ್ಣಗೆ ನಕ್ಕ. "ಅದು ಕೆಟ್ಟೋಗಿದೆಯಂತಮ್ಮಾ, ಸಾರ್ ಅದನ್ನೇ ಸರಿಮಾಡೋಕೆ ಹೋಗಿರೋದು. ಮುನ್ನೂರ ಹತ್ತು ಅಂತ ತೋರಿಸ್ತಿದೆ."