ಆಯಿ ತಿರುವಿದ ರೇಡಿಯೋ

ಎಲ್ಲರ ಮನೆಗೂ ಟೀವಿ ಬಂದಿದ್ದ ಕಾಲ. ಹುಮನಾಬಾದಿನಲ್ಲಿ ನೌಕರಿಯಲ್ಲಿದ್ದ ನನ್ನ ಹತ್ತಿರ ಗಿಟಾರ್ ಇತ್ತು, ಅದನ್ನು ಜೋರಾಗಿ ಕೇಳಿಸುವ ಆಂಪ್ಲಿಫಯರ್ ಇರಲಿಲ್ಲ. ಮನೆ ಮಾಲಕಿ ಆಯಿಯ ಪಡಸಾಲೆಯಲ್ಲಿ ಹಳೇ ವಾಲ್ವ್ ರೇಡಿಯೋ ಕೆಟ್ಟು ಕೂತಿತ್ತು. ಅದರೊಳಗೂ ಒಂದು ಆಂಪ್ಲಿಫಯರ್ ಇರುತ್ತದೆ, ಕೊಡುತ್ತೀರಾ ಅಂದೆ.

“ಒಯ್ಯಿ. ಆದ್ರ ಮತ್ತ ಇದೇ ಜಾಗಾದಾಗ ಬಂದು ಹಾಡಬೇಕು ನೋಡು” ಅಂದರು.

ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸವಕಲ್ಯಾಣದ ಮೆಕ್ಯಾನಿಕ್ ಖಾಜಾಭಾಯಿಗೆ ಒಪ್ಪಿಸಿದೆ. ಅವರು ಸ್ಟೇಷನ್ ಹಿಡಿಯುವ ಭಾಗವನ್ನೆಲ್ಲ ಕಿತ್ತುಹಾಕಿ, ಗಿಟಾರಿನ ವಾಯರ್ ಸಿಗಿಸಲು ಹಿಂದೊಂದು ತೂತು ಕೊರೆದರು. “ಸ್ಟೇಷನ್ ತೋರ್ಸೋ ಮುಳ್ಳು, ಗುಂಡಿ, ಲೈಟು ಹಂಗೇ ಇರ್ಲಿ ಬಿಡ್ರಿ, ಖೂಬಸೂರತ್ ಕಾಣ್ತದ” ಅಂದರು.

ಮರಳಿ ತಂದು ಅದೇ ಜಾಗದಲ್ಲಿಟ್ಟು ನುಡಿಸತೊಡಗಿದೆ. ನನಗೆ ಬರುತ್ತಿದ್ದದ್ದು ಎರಡೂವರೆ ಹಾಡು. ಮೊದಲನೆಯದು ಮುಗಿಯುವ ಮುಂಚೆಯೇ ಆಯಿ ಎದ್ದು ಬಂದು ಗುಂಡಿ ತಿರುವಿದರು. ಮುಳ್ಳು ಸರಿಯಿತು, ಹಾಡು ಬದಲಾಗಲಿಲ್ಲ.

“ನಮ್ಮ ಯಜಮಾನ್ರು ಇರೋತನಕ ಈ ಗುಂಡಿ ಮುಟ್ಟಗೊಡಲಿಲ್ಲ, ಅವರು ಹಚ್ಚಿದ್ದೇ ಕೇಳಿದೆ. ಈಗ ನಾ ತಿರುವಾಕತ್ತೀನಿ, ಎಲ್ಲಿ ತಿರುವಿದ್ರೂ ನೀನೇ ಬರಾಕತ್ತಿಯಲ್ಲೋ!”

ತಟ್ಟನೆ ಎರಡನೇ ಹಾಡಿಗೆ ಹೊರಳಿದೆ. ಆಯಿಯ ಮುಖ ಅರಳಿತು. ಮತ್ತೆ ತಿರುವಿದರು, ಅರ್ಧ ಹಾಡೂ ಖರ್ಚಾಯಿತು. ಮುಳ್ಳು ತುದಿಗೆ ಹೋಗಿ ನಿಂತಿತು.

“ಇಲ್ಲಿ ಬಾತ್ಮಿ ಬರ್ತಿತ್ತು” ಎಂದು ಕಿವಿಗೊಟ್ಟು ಕೂತರು.

ಗಿಟಾರ್ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡೆ. ಬಸವಕಲ್ಯಾಣದ ಬಸ್ಸು ಇವತ್ತೂ ತಡವಾಗಿ ಬಂತೆಂದು ಗಂಭೀರವಾಗಿ ಸುದ್ದಿ ಓದಿದೆ.

ಆಮೇಲೆ ನಾನು ಆ ಮನೆಯಲ್ಲಿದ್ದಷ್ಟು ದಿನವೂ ಆಯಿ ಮುಳ್ಳನ್ನು ಅಲ್ಲಿಂದ ಕದಲಿಸಲಿಲ್ಲ.