ಶಾಂತವೀರಪ್ಪನವರ ಸದ್ದಿಲ್ಲದ ಸರ್ವರ್

ಶಾಂತವೀರಪ್ಪನವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಜಾಸ್ತಿ. ಕತ್ರಿಗುಪ್ಪೆಯ ಮನೆಯ ಹಜಾರದಲ್ಲಿ ಪೇಪರ್ ಹಿಡಿದು ಕೂತಲ್ಲೇ, ಬೀದಿ ತುದಿಯಲ್ಲಿ ತಿರುಗಿದ ಆಟೋಗೆ ಸರ್ವಿಸ್ ಆಗಬೇಕು ಎಂದು ತೀರ್ಪು ಕೊಡುತ್ತಾರೆ. ಕುಕ್ಕರ್ ಕೂಗಿದರೆ ವಾಷರ್ ಹಳತಾಯಿತು ಎನ್ನುತ್ತಾರೆ. ಹೆಂಡತಿ ಲಕ್ಷ್ಮಮ್ಮನ ಮಾತೊಂದನ್ನು ಬಿಟ್ಟು ಲೋಕದ ಮಿಕ್ಕೆಲ್ಲ ಸದ್ದೂ ಅವರಿಗೆ ಕೇಳಿಸುತ್ತದೆ.

ಈ ಗೀಳು ಅಂಟಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಹರೆಯದಲ್ಲಿ ಕೆಲಸಕ್ಕೆ ಸೇರಿದ ಅವರು ತಲೆ ನೆರೆಯುವವರೆಗೂ ಅಲ್ಲೇ ಇದ್ದರು. ಆಗಿನ ಎಕ್ಸ್‌ಚೇಂಜ್ ಎಂದರೆ ಕೋಣೆಯ ತುಂಬ ಕಟಕಟ. ಜಯನಗರದಲ್ಲಿ ಯಾರೋ ನಂಬರು ತಿರುಗಿಸಿದರೆ ಇಲ್ಲೊಂದು ಲೋಹದ ಕೈ ಮೇಲೇರಿ, ಪಕ್ಕಕ್ಕೆ ತಿರುಗಿ, ಗಕ್ಕನೆ ಕಚ್ಚಿಕೊಳ್ಳುತ್ತಿತ್ತು. ಯುಗಾದಿಯ ಬೆಳಿಗ್ಗೆಯಂತೂ ಪಕ್ಕದವನ ಮಾತೇ ಕೇಳುತ್ತಿರಲಿಲ್ಲ. ಸದ್ದು ಜೋರಾಗಿದ್ದರೆ ಊರು ಮಾತಾಡುತ್ತಿದೆ, ಸದ್ದು ನಿಂತರೆ ಏನೋ ಎಡವಟ್ಟಾಗಿದೆ, ಓಡು. ಇಷ್ಟೇ ಅವರು ಕಲಿತ ವಿದ್ಯೆಯ ಸಾರ.

ನಿವೃತ್ತರಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಚಿಕ್ಕಲಸಂದ್ರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಪುಟ್ಟ ಗ್ರಂಥಾಲಯವಿದೆ. ಓದುವವರು ಸರಸ್ವತಿ ಮೇಡಂ. ಜಯನಗರದ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಅವರ ದನಿಯನ್ನು ಇಂಟರ್‌ನೆಟ್ಟಿಗೆ ಹತ್ತಿಸುವ ಕೆಲಸ ಶಾಂತವೀರಪ್ಪನವರ ಪಾಲಿಗೆ ಬಂತು. ಕೋಣೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಅದಕ್ಕೆ ಸರ್ವರ್ ಎಂದು ಹೆಸರಿಟ್ಟು, ದಿನವೂ ಮೈದಡವಿ ಸಾಕಿದರು.

ಆದರೆ ಹೋದ ವರ್ಷ ದ್ವಿತೀಯ ಪಿಯುಸಿಯ ಇತಿಹಾಸ ಪರೀಕ್ಷೆಯ ಹಿಂದಿನ ದಿನ ಅದು ಕೈಕೊಟ್ಟಿತು. ನಾಡಿನ ಮಕ್ಕಳೆಲ್ಲ ಒಟ್ಟಿಗೇ ಮುಗಿಬಿದ್ದಿದ್ದೇ ತಡ, ಫ್ಯಾನು ರೊಯ್ಯೆಂದು ಅರಚಿಕೊಂಡು ಪೆಟ್ಟಿಗೆ ಮಲಗಿಬಿಟ್ಟಿತು. ಕೊಪ್ಪಳದ ಕಡೆಯ ಅಂಧ ಮಕ್ಕಳ ಹಾಸ್ಟೆಲಿನಿಂದ ಭಾಗ್ಯಜ್ಯೋತಿ ಎಂಬ ಹುಡುಗಿ ಫೋನ್ ಮಾಡಿ, "ಸರ, ಬರೇ ಲೋಡಿಂಗ್ ಲೋಡಿಂಗ್ ಅಂತೈತ್ರಿ, ಪಾಠನ ಬರವಲ್ದ್ರಿ" ಎಂದು ಅತ್ತಳು. ಶಾಂತವೀರಪ್ಪ ಸಂಜೆಯವರೆಗೂ ಹೆಣಗಾಡಿದರೂ ಅದು ಏಳಲಿಲ್ಲ. ಹುಡುಗಿ ಇತಿಹಾಸದಲ್ಲಿ ಫೇಲಾದಳು. ಮರುಪರೀಕ್ಷೆಯೂ ಕೈಹಿಡಿಯದೆ ಅವಳ ಒಂದು ವರ್ಷ ಹೋಯಿತು. ಆ ಅಳು ಅವರ ಕಿವಿಯಲ್ಲೇ ಉಳಿಯಿತು. ಊಟಕ್ಕೆ ಕೂತರೂ ಕೇಳುತ್ತಿತ್ತು.

ಈ ಸಲ ಹಾಗಾಗಬಾರದು ಎಂದು ಅವರು ಹಟ ತೊಟ್ಟರು. ಜೆ.ಪಿ. ನಗರದ ಸಾಫ್ಟ್‌ವೇರ್ ಆಫೀಸೊಂದರಲ್ಲಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಗ್ರಂಥಾಲಯಕ್ಕೆ ನೆರವಾಗುವ ಸಮನ್ವಿತಾ ಎಂಬ ಹುಡುಗಿ ಭಾನುವಾರಗಳಂದು ಬಂದು ಸಿಡಿಎನ್ ಎಂಬುದರ ಪಾಠ ಹೇಳಿದಳು. "ಅಂಕಲ್, ಹಾಲು ಬೇಕು ಅಂದ್ರೆ ಎಲ್ರೂ ಡೈರಿಗೇ ಹೋಗಲ್ವಲ್ಲ? ಬೀದಿ ತುದಿ ಬೂತಿಗೆ ಹೋಗ್ತಾರೆ. ಇದೂ ಹಂಗೇ. ನಿಮ್ಮದು ಒರಿಜಿನ್ ಸರ್ವರ್, ಅಂದ್ರೆ ಡೈರಿ. ಸಿಡಿಎನ್‌ನವರು ಚೆನ್ನೈ, ಮುಂಬೈ, ಹೈದರಾಬಾದು ಅಂತ ಬೂತ್ ಇಟ್ಟಿರ್ತಾರೆ. ಒಂದ್ಸಲ ನಿಮ್ಮಿಂದ ಪಾಠ ತಗೊಂಡು ಹೋದ್ರೆ, ಆಮೇಲೆ ಕೇಳಿದೋರಿಗೆಲ್ಲ ಅಲ್ಲಿಂದಾನೇ ಕೊಡ್ತಾರೆ."

"ಹಾಲಾದ್ರೆ ಖಾಲಿ ಆಗುತ್ತಲ್ಲಮ್ಮ?"

"ಇದು ಆಗಲ್ಲ ಅಂಕಲ್. ಅದೇ ಮಜಾ."

ಮುದುಕರು ಬೆರಗಾಗಿ ಕೂತರು. ಆಮೇಲೆ ಎದ್ದು ಕೆಲಸಕ್ಕಿಳಿದರು. ಒಂದು ಮೂಲ ಸರ್ವರ್ ಚಿಕ್ಕಲಸಂದ್ರದ ಕೋಣೆಯಲ್ಲೇ ಇತ್ತು. ಅದು ಮಲಗಿದರೆ ಎದ್ದು ನಿಲ್ಲಲು ಅಂಥದೇ ಇನ್ನೊಂದನ್ನು ಬೊಮ್ಮನಹಳ್ಳಿಯ ಬಾಡಿಗೆ ಜಾಗದಲ್ಲಿ ಇಟ್ಟರು. ಎರಡಕ್ಕೂ ಒಂದೇ ಪಾಠಗಳನ್ನು ತುಂಬಿದರು. ಸಿಡಿಎನ್ ಬಂದು ತಟ್ಟಿದರೆ ಮಾತ್ರ ಬಾಗಿಲು ತೆರೆಯಬೇಕು, ದಾರಿಹೋಕರಿಗಲ್ಲ ಎಂದು ಕಟ್ಟುಮಾಡಿದರು. ಬೂತಿನವರು ನಕಲನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದನ್ನೂ ಬರೆದುಕೊಟ್ಟರು. ಹೊಸ ಮನೆಗೆ ಸಾಮಾನು ಸಾಗಿಸಿದಷ್ಟು ಜೋಪಾನ!

ಪರೀಕ್ಷೆಯ ಹಿಂದಿನ ದಿನ ಬಂದೇ ಬಂತು. ಬೆಳಿಗ್ಗೆಯೇ ಬಂದು ಶಾಂತವೀರಪ್ಪ ಸರ್ವರಿನ ಮುಂದೆ ಕುರ್ಚಿ ಎಳೆದುಕೊಂಡರು. ಮಧ್ಯಾಹ್ನ ಮಕ್ಕಳು ಮುಗಿಬೀಳುವ ಹೊತ್ತಾಯಿತು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಫ್ಯಾನು ಮೆಲ್ಲಗೆ ಉಸಿರಾಡುತ್ತಿತ್ತು. ಎಷ್ಟು ಮಂದಿ ಬಂದು ಪಾಠ ಕೇಳಿದರೆಂದು ತೋರಿಸುವ ಪರದೆಯ ಮೇಲಿನ ಗೆರೆ ಸಪಾಟಾಗಿ ಮಲಗಿತ್ತು. ಯಾವಾಗಲೋ ಒಮ್ಮೆ ಒಂದು ಚೂರು ಎದ್ದು ಮತ್ತೆ ಮಲಗುತ್ತಿತ್ತು.

ಅವರು ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದರು. ಸಮನ್ವಿತಾಗೆ ಫೋನ್ ಮಾಡಿದರೆ, "ಸುಮ್ನಿದೆ ಅಂದ್ರೆ ಚೆನ್ನಾಗಿದೆ ಅಂತಾನೇ ಅಂಕಲ್. ಏನೂ ಮುಟ್ಟಬೇಡಿ" ಎಂದು ಹೇಳಿ ಮೀಟಿಂಗಿಗೆ ಓಡಿದಳು. ಅವಳ ಮಾತನ್ನು ತಲೆ ಒಪ್ಪಿತು, ಕಿವಿ ಒಪ್ಪಲಿಲ್ಲ. ಜೀವಮಾನವೆಲ್ಲ ಸದ್ದು ನಿಂತಾಗ ಓಡಿದ ಮನುಷ್ಯ, ಸದ್ದು ನಿಂತಾಗ ಕಾಲು ಚಾಚಿ ಕೂರು ಎಂದರೆ ಹೇಗೆ ಕೂತಾನು?

ಪಕ್ಕದ ಕೋಣೆಯಿಂದ ಸರಸ್ವತಿ ಮೇಡಂ ಬಂದರು. ಶಾಂತವೀರಪ್ಪನವರ ಮುಖ ಬೆವೆತಿತ್ತು.

"ಮೇಡಂ, ಒಂದು ಮಗೂನೂ ಒಳಗೆ ಬಂದಿಲ್ಲ. ಮಧ್ಯದಲ್ಲಿ ಎಲ್ಲೋ ಕಟ್ ಆಗಿದೆ. ಈ ಸಿಡಿಎನ್ ಸಹವಾಸಾನೇ ಬೇಡ, ತೆಗೆದುಹಾಕಿ ಎಲ್ರನ್ನೂ ನೇರವಾಗಿ ಇಲ್ಲಿಗೇ ಬಿಟ್ಕೋತೀನಿ."

"ಹೋದ ವರ್ಷ ನೇರವಾಗೇ ಬಂದಿದ್ದಲ್ವಾ? ಆಗ ಏನಾಯ್ತು?"

"ಆಗ ಪೆಟ್ಟಿಗೆ ಸತ್ತಿದ್ದಾದ್ರೂ ಗೊತ್ತಾಯ್ತು."

"ನನ್ನ ಫೋನಲ್ಲಿ ಈಗ ತಾನೇ ಪಾಠ ಬಂತಲ್ರೀ."

"ನೀವು ಚಿಕ್ಕಲಸಂದ್ರದಲ್ಲಿದ್ದೀರ ಮೇಡಂ. ನಮ್ಮ ಮನೆ ನಲ್ಲೀಲಿ ನೀರು ಬಂದ್ರೆ ಊರಿಗೆಲ್ಲ ಬಂದಂಗಾ?"

ಹೇಳುತ್ತಲೇ ಅವರು ಕೀಬೋರ್ಡಿನತ್ತ ಸರಿದು ಟೈಪ್ ಮಾಡತೊಡಗಿದರು. ಇನ್ನೊಂದು ಗುಂಡಿ ಒತ್ತಿದರೆ ಸಿಡಿಎನ್ ಪಕ್ಕಕ್ಕೆ ಸರಿದು, ಇಡೀ ನಾಡಿನ ಮಕ್ಕಳು ಆ ಪುಟ್ಟ ಪೆಟ್ಟಿಗೆಯ ಮೇಲೇ ಬೀಳುತ್ತಿದ್ದರು. ಮೇಡಂ ಅವರ ಕೈಯ ಮೇಲೆ ಕೈಯಿಟ್ಟರು. "ಒತ್ತೋಕೆ ಮುಂಚೆ, ಈ ಸಲ ಮತ್ತೆ ಪರೀಕ್ಷೆ ಬರೀತಿರೋ ಆ ಕೊಪ್ಪಳದ ಹುಡುಗಿಗೆ ಒಂದು ಫೋನ್ ಮಾಡಿ, ಶಾಂತವೀರಪ್ಪನೋರೇ. ಅವಳಿಗೆ ಬಂದಿಲ್ಲ ಅಂದ್ರೆ ಒತ್ತಿ, ನಾನು ಬೇಡ ಅನ್ನಲ್ಲ."

ಶಾಂತವೀರಪ್ಪ ಭಾಗ್ಯಜ್ಯೋತಿಯ ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಮತ್ತೆ ಅಳು ಕೇಳಬೇಕಾಗುತ್ತದೇನೋ ಎಂಬ ಅಳುಕು ಅವರಿಗೆ. ಫೋನ್ ರಿಂಗಾಯಿತು, ಎತ್ತಿದ ಸದ್ದಾಯಿತು.

ಮೊದಲು ಕೇಳಿಸಿದ್ದು ಹುಡುಗಿಯ ದನಿಯಲ್ಲ, ಸರಸ್ವತಿ ಮೇಡಂ ದನಿ. ಅದೂ ಒಂದಲ್ಲ. ಹಾಸ್ಟೆಲಿನ ಆ ಕೋಣೆಯಲ್ಲಿ ಮಂಚಕ್ಕೊಂದು ಫೋನಿನಲ್ಲಿ ಪಾಠ ನಡೆದಿತ್ತು. ಒಬ್ಬ ಸರಸ್ವತಿ ಅಶೋಕನ ಶಾಸನ ಓದುತ್ತಿದ್ದರು. ಇನ್ನೊಬ್ಬ ಸರಸ್ವತಿ ವಿಜಯನಗರದ ಪೇಟೆಯಲ್ಲಿದ್ದರು. ಆಚೆ ಮಂಚದಲ್ಲಿ ಮತ್ತೊಬ್ಬರು ಆಗಲೇ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗಿತ್ತು. ಅಷ್ಟೂ ಸರಸ್ವತಿಯರು ಸ್ವಲ್ಪವೂ ತಡವರಿಸದೆ, ಉಸಿರು ಕಟ್ಟದೆ ಓದುತ್ತಿದ್ದರು. ಶಾಂತವೀರಪ್ಪ ಸರ್ವರಿನ ಕಡೆ ತಿರುಗಿ ನೋಡಿದರು. ಅದು ತನಗೇನೂ ಗೊತ್ತಿಲ್ಲವೆಂಬಂತೆ ತೆಪ್ಪಗಿತ್ತು. ಇದೊಂದು ಕೋಣೆ. ಬೀದರಿನಲ್ಲಿ, ಚಾಮರಾಜನಗರದಲ್ಲಿ ಇನ್ನೆಷ್ಟು ಕೋಣೆಗಳೋ! ಅವರ ಕಣ್ಣು ತುಂಬಿ ಬಂತು. ಸರಸ್ವತಿ ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಇಷ್ಟು ಜನ ತಾವು ಎಂಬುದು ಅವರಿಗೇ ಗೊತ್ತಿರಲಿಲ್ಲ.

"ಯಾರ್ರೀ?" ಎಂದಳು ಭಾಗ್ಯಜ್ಯೋತಿ.

"ನಾನಮ್ಮ, ಬೆಂಗಳೂರಿಂದ ಶಾಂತವೀರಪ್ಪ. ಪಾಠ... ಪಾಠ ಬರ್ತಾ ಇದ್ಯಾ ತಾಯಿ?"

"ಚಲೋ ಬರಾಕತ್ತಿತ್ರಿ ಸರ, ನೀವು ಫೋನ್ ಮಾಡಿದ್ರಲ್ರಿ, ನಿಂತ್ ಬಿಡ್ತು. ಇನ್ನಾ ಎರಡು ಪಾಠ ಅದಾವ್ರಿ. ಇಡ್ರಿ ಸರ, ಇಡ್ರಿ!"

ನಾಡಿಗೆ ನಾಡೇ ಕೇಳುತ್ತಿದ್ದ ಆ ಹೊತ್ತಿನಲ್ಲಿ ಅವಳ ಪಾಠಕ್ಕೆ ಅಡ್ಡ ಬಂದದ್ದು ಅವರೊಬ್ಬರೇ. ಶಾಂತವೀರಪ್ಪ ತಟ್ಟನೆ ಫೋನ್ ಇಟ್ಟರು.